ಅಖಾಡದ ಟಗರು, ಅಂಗೈಯ ಪೋಕೆಮಾನ್

ಕಸ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಎರಡು ಕಣ್ಣು. ಐಸ್‌ಕ್ರೀಮ್ ಕೋನಿಗೊಂದು ಮುಖ. ಒಂದನ್ನೊಂದು ಕಚ್ಚಿಕೊಂಡು ತಿರುಗುವ ಜೋಡಿ ಹಲ್ಲುಚಕ್ರ. ‘ಪೋಕೆಮಾನ್ ಬ್ಲ್ಯಾಕ್’ ಮತ್ತು ‘ಪೋಕೆಮಾನ್ ವೈಟ್’ ಎಂಬ ಅವಳಿ ವಿಡಿಯೊ ಆಟಗಳು 2010ರ ಸೆಪ್ಟೆಂಬರ್ 18ರಂದು ಜಪಾನಿನಲ್ಲಿ, ಮರುವರ್ಷ ಮಾರ್ಚಿನಲ್ಲಿ ಯುರೋಪು, ಅಮೆರಿಕಗಳಲ್ಲಿ ಬಿಡುಗಡೆಯಾದಾಗ ಹಳೆಯ ಅಭಿಮಾನಿಗಳು ಬೆರಳು ಮಾಡಿ ತೋರಿಸಿದ್ದು ಈ ಮೂರನ್ನು. ಕಲ್ಪನೆಯ ಬಾವಿ ಬತ್ತಿತು ಎಂದರು. ಹಳೆಯ ಆಟಗಳ ಮುದ್ದಿನ ಪ್ರಾಣಿ ಪಿಕಾಚು ಎಲ್ಲಿ ಎಂದು ಕೇಳಿದರು. ಜಪಾನಿನ ‘ಫಾಮಿತ್ಸು’ ಪತ್ರಿಕೆ ಆಟಕ್ಕೆ 40ಕ್ಕೆ 40 ಅಂಕ ಕೊಟ್ಟಿತ್ತು. ಒಂದೂವರೆ ಕೋಟಿಗೂ ಹೆಚ್ಚು ಪ್ರತಿ ಖರ್ಚಾದವು. ಆದರೂ ಪೋಕೆಮಾನ್ ಎಂದರೆ ಇದಲ್ಲ ಎಂಬ ಮಾತು ಈ ಆಟದ ಬೆನ್ನಿಗೆ ವರ್ಷಗಟ್ಟಲೆ ಅಂಟಿಕೊಂಡಿತು. ಹದಿನೈದು ವರ್ಷ ಕಳೆದ ಮೇಲೆ ಮತ್ತೆ ಆಡಿದವರು ಇದನ್ನು ಇಡೀ ಸರಣಿಯ ಅತ್ಯುತ್ತಮ ಕಥೆ ಎನ್ನುತ್ತಿದ್ದಾರೆ. ನನ್ನ ಅಭಿಪ್ರಾಯವೂ ಅದೇ. ಆದರೆ ಅದಕ್ಕೆ ನಾನು ಕೊಡುವ ಕಾರಣ ಬೇರೆ. ಅದು ಸಿಗುವುದು ಹೊನ್ನಾಳಿ, ನ್ಯಾಮತಿ ಕಡೆಯ ಹೋರಿ ಹಬ್ಬದಲ್ಲಿ, ದಾವಣಗೆರೆ ಸೀಮೆಯ ಟಗರು ಕಾಳಗದಲ್ಲಿ, ಜಗಳೂರಿನ ಕುರುಚಲು ಕಾಡಿನಲ್ಲಿ.

ಈ ಆಟದ ಪರಿಚಯವೇ ಇಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ಟೋಕಿಯೊ ಪಕ್ಕದ ಮಾಚಿದಾ ಊರಿನಲ್ಲಿ ಬೆಳೆದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚಿನ ಹುಡುಗ. ಹೊಲ, ಕೆರೆ, ತೋಪುಗಳಿದ್ದ ಕಡೆ ಕಾಂಕ್ರೀಟು ಬಂದು ಹುಳಗಳು ಕಾಣೆಯಾದವು. ಮುಂದೆ ‘ಗೇಮ್ ಫ್ರೀಕ್’ ಸಂಸ್ಥೆ ಕಟ್ಟಿದ ಮೇಲೆ, ಎರಡು ಗೇಮ್‌ಬಾಯ್ ಯಂತ್ರಗಳನ್ನು ಜೋಡಿಸುವ ವೈರು ಕಂಡಾಗ ಅವನಿಗೆ ಹೊಳೆದದ್ದು, ಆ ವೈರಿನೊಳಗೆ ಹುಳಗಳು ಇತ್ತಿಂದತ್ತ ಹರಿದುಹೋಗುವ ಚಿತ್ರ. 1996ರ ಫೆಬ್ರವರಿ 27ರಂದು ಬಂದ ಮೊದಲ ಆಟ ಹುಟ್ಟಿದ್ದು ಹಾಗೆ. ಆಟಗಾರ ಹುಲ್ಲಿನೊಳಗೆ ನಡೆಯುತ್ತಾನೆ, ವಿಚಿತ್ರ ಪ್ರಾಣಿಯೊಂದು ಎದುರಾಗುತ್ತದೆ. ತನ್ನ ಪ್ರಾಣಿಯನ್ನು ಅದರ ಮೇಲೆ ಬಿಟ್ಟು ಸುಸ್ತು ಮಾಡಿ, ಚೆಂಡೆಸೆದು ಹಿಡಿಯುತ್ತಾನೆ. ಒಮ್ಮೆಗೆ ಆರು ಪ್ರಾಣಿ ಜೊತೆಗಿರಬಹುದು, ಒಂದೊಂದಕ್ಕೂ ನಾಲ್ಕೇ ಪಟ್ಟು. ನೀರು ಬೆಂಕಿಯನ್ನು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು ಗೆಲ್ಲುತ್ತದೆ ಎಂಬ ಲೆಕ್ಕದ ಮೇಲೆ ಕಾದಾಟ. ಎಲ್ಲ ಪ್ರಾಣಿಗಳೂ ಒಂದೇ ಆಟದಲ್ಲಿ ಸಿಗವು. ಅದಕ್ಕೇ ಪ್ರತಿ ಸಲ ಜೋಡಿ ಆಟ. ಇನ್ನೊಬ್ಬನ ಜೊತೆ ಅದಲುಬದಲು ಮಾಡದೆ ಪಟ್ಟಿ ಪೂರ್ತಿಯಾಗದು.

ತಜಿರಿಯ ಬಾಲ್ಯ ನಮ್ಮ ಬಯಲುಸೀಮೆಯವರಿಗೆ ದೂರದ್ದಲ್ಲ. ಮುಂಗಾರು ಶುರುವಾಗುತ್ತಿದ್ದಂತೆ ಜಾಲಿ ಗಿಡಗಳಲ್ಲಿ ಹಸಿರು ಮಿನುಗುವ ಜೀರಂಗಿ ಬರುತ್ತದೆ. ಅದನ್ನು ಹಿಡಿದು ಬೆಂಕಿಪೆಟ್ಟಿಗೆಯೊಳಗೆ ಜಾಲಿ ಸೊಪ್ಪು ಹಾಕಿ ಸಾಕಿ, ಮೊಟ್ಟೆ ಇಟ್ಟಿತೇ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡದ ಹಳ್ಳಿಯ ಮಕ್ಕಳು ಕಡಿಮೆ. ಶಾಲೆಯ ಬೆಂಚಿನ ಕೆಳಗೆ ಯಾರದ್ದು ದೊಡ್ಡದು, ಯಾರದ್ದು ಹೆಚ್ಚು ಹೊಳೆಯುತ್ತದೆ ಎಂಬ ಪಂದ್ಯ. ಒಂದು ಜೀರಂಗಿಗೆ ಎರಡು ಬಳಪ ಎಂಬ ವ್ಯಾಪಾರ. ಪೋಕೆಮಾನ್ ಇದನ್ನೇ ಯಂತ್ರಕ್ಕೆ ಇಳಿಸಿತು. 2003ರಿಂದ ಅದರ ಕಾರ್ಟೂನು ಹಿಂದಿಯಲ್ಲಿ ಮಾತಾಡುತ್ತ ನಮ್ಮ ಕೇಬಲ್ ಟಿವಿಗೆ ಬಂತು. ಚಿಪ್ಸ್ ಪೊಟ್ಟಣದ ಟಾಜೊ ಬಿಲ್ಲೆಗಳು ಕಿಸೆ ತುಂಬಿದವು. ಆಟದ ಯಂತ್ರ ಮಾತ್ರ ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ಕಾಣಲಿಲ್ಲ. ಇಲ್ಲಿನ ಹುಡುಗರು ಕಂಡದ್ದು ಕ್ಯಾಸೆಟ್ ಸಿಕ್ಕಿಸುವ ಅಗ್ಗದ ಟಿವಿ ಗೇಮು. ಹಾಗಾಗಿ ಬ್ಲ್ಯಾಕ್, ವೈಟ್ ಬಗ್ಗೆ ಹೊರಗೆ ಜಗಳ ನಡೆದಾಗ ನಮಗೆ ಅದರ ಸುಳಿವೇ ಇರಲಿಲ್ಲ. ತಡವಾಗಿ, ಪೂರ್ವಗ್ರಹವಿಲ್ಲದೆ ಈ ಆಟಕ್ಕೆ ಬಂದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಚನ್ನಗಿರಿಯಲ್ಲಿರುವ ಅಕ್ಕನ ಮಗ ಈಗ ಒಂಬತ್ತನೇ ಕ್ಲಾಸು. ಬೆಂಗಳೂರಿನ ದೊಡ್ಡಪ್ಪನ ಮನೆಯಿಂದ ಅವನಿಗೆ ಹಳೆಯ ಡಿಎಸ್ ಯಂತ್ರವೊಂದು ದಾಟಿ ಬಂತು. ಮಡಚುವ ಯಂತ್ರ, ಮೇಲೊಂದು ಕೆಳಗೊಂದು ಪರದೆ, ಒಳಗೆ ‘ಬ್ಲ್ಯಾಕ್’ ಆಟದ ಕಾರ್ಟ್ರಿಜ್. ಆಟದ ತುಂಬ ಇಂಗ್ಲಿಷ್ ಮಾತು. ಅವನು ಗುಂಡಿ ಒತ್ತುವುದು, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋಗುವುದು ಎಂದಾಯಿತು. ಹಿತ್ತಲಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ ಉರಿಯುತ್ತಿತ್ತು, ಚೊಗರಿನ ವಾಸನೆ ಪಡಸಾಲೆಯವರೆಗೆ ಬರುತ್ತಿತ್ತು.

ಆಟದ ಎರಡನೆಯ ಊರಿಗೆ ಬರುವಷ್ಟರಲ್ಲಿ ಒಂದು ಬಹಿರಂಗ ಸಭೆ. ಗೆಟ್ಸಿಸ್ ಎಂಬ ನಿಲುವಂಗಿಯ ಮನುಷ್ಯ ಭಾಷಣ ಮಾಡುತ್ತಾನೆ. ಪೋಕೆಮಾನ್‌ಗಳನ್ನು ನಾವು ಗೆಳೆಯರೆನ್ನುತ್ತೇವೆ, ಆದರೆ ಅವುಗಳ ಮೇಲೆ ನಮ್ಮದೇ ದರ್ಬಾರು, ಅವನ್ನು ಬಿಟ್ಟುಬಿಡುವುದೇ ನ್ಯಾಯ ಎನ್ನುವುದು ಅವನ ಮಾತಿನ ಸಾರ. ಜನ ಚದುರಿದ ಮೇಲೆ ಹಸಿರು ಕೂದಲಿನ ಯುವಕನೊಬ್ಬ ಹತ್ತಿರ ಬರುತ್ತಾನೆ. ಅವನ ಹೆಸರು ಎನ್, ಅಷ್ಟೇ. ನಿನ್ನ ಪೋಕೆಮಾನ್ ಈಗ ಏನೋ ಹೇಳುತ್ತಿತ್ತು, ನನಗೆ ಕೇಳಿಸಿತು, ಇನ್ನೊಮ್ಮೆ ಕೇಳಬೇಕು ಎಂದು ಕಾದಾಟಕ್ಕೆ ಕರೆಯುತ್ತಾನೆ. ಸೋತ ಮೇಲೆ, ಪೋಕೆಮಾನ್ ಇಂಥ ಮಾತು ಆಡೀತೆಂದು ಎಣಿಸಿರಲಿಲ್ಲ ಎಂದು ಬೆರಗಾಗಿ ಹೊರಟುಬಿಡುತ್ತಾನೆ. ಏನು ಹೇಳಿತು ಎಂಬುದನ್ನು ಮಾತ್ರ ಬಾಯಿ ಬಿಡುವುದಿಲ್ಲ.

ಹುಡುಗ ಗುಂಡಿ ಒತ್ತುವುದನ್ನು ನಿಲ್ಲಿಸಿದ.

“ಮಾಮ, ಅವ್ನಿಗೆ ನಿಜವಾಗ್ಲೂ ಕೇಳ್ಸುತ್ತಾ?”

“ಆಟದಾಗೆ ಹಂಗೇ ಐತಪ್ಪ.”

“ಹಂಗಾದ್ರೆ ನಂದು ಏನ್ ಹೇಳ್ತಂತೆ?”

ಈ ಪ್ರಶ್ನೆಯನ್ನು ಹುಟ್ಟಿಸುವುದೇ ಆಟದ ದೊಡ್ಡಸ್ತಿಕೆ. ಅದಕ್ಕೂ ಮೊದಲಿನ ಆಟಗಳಲ್ಲಿ ಎದುರಾಳಿಗಳೆಂದರೆ ಪೋಕೆಮಾನ್ ಕದಿಯುವ ಕಳ್ಳರು, ಲೋಕವನ್ನು ಮುಳುಗಿಸಹೊರಟ ತಿಕ್ಕಲರು. ಅವರನ್ನು ಸೋಲಿಸಿ ಮುಂದೆ ಹೋದರೆ ಆಯಿತು. ಇಲ್ಲಿನ ಎದುರಾಳಿ ಕೇಳುವುದು, ನೀನು ಇಷ್ಟು ಹೊತ್ತು ಆಡಿದ ಆಟವೇ ಸರಿಯೇ ಎಂದು. ಹಿಡಿಯುವುದು, ಪಳಗಿಸುವುದು, ಕಾದಾಡಿಸುವುದು, ಅದಕ್ಕೆ ಪ್ರೀತಿ ಎಂದು ಹೆಸರಿಡುವುದು. ಹದಿನಾಲ್ಕು ವರ್ಷ ಕೋಟ್ಯಂತರ ಮಕ್ಕಳು ಆಡಿದ ಆಟದ ಬುಡಕ್ಕೇ ಅದನ್ನು ಮಾಡಿದವರೇ ಕೈ ಹಾಕಿದರು. ವ್ಯಾಪಾರದ ದೃಷ್ಟಿಯಿಂದ ಇದು ಸಣ್ಣ ಧೈರ್ಯವಲ್ಲ.

ಎನ್ ತನ್ನ ಮಾತಿನಂತೆ ನಡೆಯುತ್ತಾನೆ. ಕೊನೆಯ ಕಾದಾಟಕ್ಕೆ ಮೊದಲು ಎದುರಾದಾಗಲೆಲ್ಲ ಅವನ ಜೊತೆ ಇರುವುದು ಆ ಸುತ್ತಮುತ್ತಲಿನ ಪ್ರಾಣಿಗಳೇ. ನೆರವು ಕೇಳುತ್ತಾನೆ, ಕೆಲಸ ಮುಗಿದ ಮೇಲೆ ಬಿಟ್ಟುಬಿಡುತ್ತಾನೆ. ಅವನ ಹಿಂದಿರುವ ‘ಟೀಮ್ ಪ್ಲಾಸ್ಮಾ’ ಎಂಬ ಪಡೆಯದು ಬೇರೆ ದಾರಿ. ಬಿಡುಗಡೆಯ ಮಾತಾಡುವ ಈ ಜನ ಪಾಳುಬಿದ್ದ ಜಾಗದಲ್ಲಿ ಮುನ್ನಾ ಎಂಬ ಸಾಧು ಪ್ರಾಣಿಯನ್ನು, ಅದರ ಮೈಯಿಂದ ಹೊರಡುವ ಕನಸಿನ ಹೊಗೆಗಾಗಿ ಕಾಲಿನಿಂದ ಒದೆಯುತ್ತಾರೆ. ಈ ದೃಶ್ಯ ಆಟದ ಆರಂಭದಲ್ಲೇ ಬರುತ್ತದೆ.

ನಮ್ಮ ಕಡೆಯ ಅಖಾಡಕ್ಕೆ ಬರೋಣ. ಟಗರು ಕಾಳಗ ನೋಡಿದವರಿಗೆ ಗೊತ್ತು, ಅಲ್ಲಿ ತೂಕಕ್ಕಿಂತ ಹಲ್ಲು ಮುಖ್ಯ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು. ಬಾಯಿ ತೆರೆದು ಹಲ್ಲೆಣಿಸಿ ಜೋಡಿ ಮಾಡುತ್ತಾರೆ. ಎರಡೂ ಕಡೆಯವರು ಟಗರನ್ನು ಹಿಂದಕ್ಕೆ ಎಳೆದುಕೊಂಡು ನಿಲ್ಲುತ್ತಾರೆ. ಬಿಟ್ಟ ಕ್ಷಣ ಎರಡೂ ಓಡಿ ಬಂದು ಹಣೆಗೆ ಹಣೆ ಕೊಟ್ಟಾಗ ಏಳುವ ಸದ್ದು ಕಲ್ಲಿಗೆ ಕೊಡತಿ ಬಿದ್ದಂತೆ. ಮತ್ತೆ ಹಿಂದೆ ಸರಿದು ಮತ್ತೊಂದು ಗುದ್ದು. ಬೆನ್ನು ತಿರುಗಿಸಿದ್ದು ಸೋತಂತೆ. ಕಾಳಗ ಮುಗಿದ ಮೇಲೆ ಜನ ಮುಂದಿನ ಜೋಡಿಯ ಕಡೆ ಹೊರಳುತ್ತಾರೆ. ನನ್ನ ಕಣ್ಣು ಹೋಗುವುದು ಮರದ ನೆರಳಿಗೆ. ಅಲ್ಲಿ ಸಾಕಿದವನು ಮೊಣಕಾಲೂರಿ ಕೂತು ಟಗರಿನ ಹಣೆಗೆ ಅರಿಶಿನ ಹಚ್ಚುತ್ತಿರುತ್ತಾನೆ, ಕೊಂಬಿನ ಬುಡ ಸವರಿ ನೋಡುತ್ತಿರುತ್ತಾನೆ, ಹೆಸರು ಹಿಡಿದು ಮಾತಾಡಿಸುತ್ತಿರುತ್ತಾನೆ. ನೆನೆಸಿದ ಕಡಲೆ, ಹುರುಳಿ, ಹಾಲು, ಮೊಟ್ಟೆ ಎಂದು ಅದಕ್ಕೆ ಸುರಿದ ಖರ್ಚು ಎಷ್ಟೋ ಸಲ ಮನೆಯ ಮಕ್ಕಳಿಗೆ ಸುರಿದದ್ದಕ್ಕಿಂತ ಹೆಚ್ಚು. ಅವನಿಗೆ ಆ ಟಗರಿನ ಮೇಲೆ ಪ್ರೀತಿ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಆ ಟಗರಿಗೆ ನೋವಾಗಿಲ್ಲ ಎಂದರೂ ಒಪ್ಪಲಾರೆ.

ಹೋರಿ ಬೆದರಿಸುವ ಹಬ್ಬವೂ ಹಾಗೆಯೇ. ದೀಪಾವಳಿಯಿಂದ ಶುರುವಾಗಿ ಹಾವೇರಿ, ಶಿಕಾರಿಪುರದ ಕಡೆಯಿಂದ ಹೊನ್ನಾಳಿ, ನ್ಯಾಮತಿ ಹಳ್ಳಿಗಳವರೆಗೆ ಈ ಹಬ್ಬದ್ದೇ ಹುಚ್ಚು. ಕೊರಳಿಗೆ ಕೊಬ್ಬರಿ ಸರ, ಮೈಗೆ ಜೂಲ, ಕೊಂಬಿಗೆ ಬಣ್ಣ, ಬಲೂನು. ಮೈಕಿನಲ್ಲಿ ಹೋರಿಯ ಹೆಸರು ಕೂಗುತ್ತಿದ್ದಂತೆ ಅಭಿಮಾನಿ ಬಳಗದ ಕೇಕೆ. ಎರಡೂ ಬದಿಯ ಜನರ ನಡುವೆ ಹೋರಿ ನುಗ್ಗುತ್ತದೆ, ಹುಡುಗರು ಕೊಬ್ಬರಿ ಹರಿಯಲು ಮೈಮೇಲೆ ಬೀಳುತ್ತಾರೆ. ಕೊಬ್ಬರಿ ಉಳಿಸಿಕೊಂಡು ದಾಟಿದ ಹೋರಿಗೆ ಜಯ. ಹಂಗಾಮು ಬಂತೆಂದರೆ ಗಾಯಾಳುಗಳ ಸುದ್ದಿ ಇದ್ದೇ ಇರುತ್ತದೆ, ಕೆಲವೊಮ್ಮೆ ಸಾವಿನದೂ. ಹೆಸರು ಮಾಡಿದ ಹೋರಿ ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಸಂತ ಸೇವಾಲಾಲರ ಹುಟ್ಟೂರೆಂದು ಬಂಜಾರರು ನಡೆದುಕೊಳ್ಳುವ ಊರು. ಉಪ್ಪು, ಧಾನ್ಯ ಹೇರಿದ ಎತ್ತುಗಳ ಹಿಂಡಿನ ಜೊತೆ ದೇಶ ಸುತ್ತಿದ ಸಮುದಾಯ ಅದು. ಎತ್ತಿನ ಬೆನ್ನ ಮೇಲೆ ಹೊರೆ ಇಟ್ಟವರೇ ಎತ್ತಿಗೆ ಕೈ ಮುಗಿದರು. ದುಡಿಸಿಕೊಳ್ಳುವುದು, ಪ್ರೀತಿಸುವುದು ಎರಡೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡ ಬದುಕು ಈ ಸೀಮೆಯದು.

ಅದೇ ಹೊಸೆತ ಈ ಆಟದ ಲೆಕ್ಕದೊಳಗೂ ಇದೆ. ಪ್ರತಿ ಪೋಕೆಮಾನ್‌ಗೂ ಆಟಗಾರನ ಮೇಲೆ ಇರುವ ಒಲವಿಗೆ ಯಂತ್ರ 0ಯಿಂದ 255ರವರೆಗೆ ಒಂದು ಅಂಕ ಇಟ್ಟಿರುತ್ತದೆ. ಅದು ಪರದೆಯ ಮೇಲೆ ಕಾಣುವುದಿಲ್ಲ. ಜೊತೆಯಲ್ಲಿ ಕರೆದುಕೊಂಡು ನಡೆದರೆ ಏರುತ್ತದೆ, ಕಾದಾಟದಲ್ಲಿ ಕುಸಿದು ಬಿದ್ದರೆ ಇಳಿಯುತ್ತದೆ, ಕಹಿ ಗಿಡಮೂಲಿಕೆ ಕುಡಿಸಿದರೂ ಇಳಿಯುತ್ತದೆ. ‘ರಿಟರ್ನ್’ ಎಂಬ ಪಟ್ಟಿನ ಏಟು ಈ ಒಲವು ಏರಿದಷ್ಟೂ ಬಲವಾಗಿ, 102ರವರೆಗೆ ಮುಟ್ಟುತ್ತದೆ. ‘ಫ್ರಸ್ಟ್ರೇಶನ್’ ಎಂಬುದು ಇದರ ತಿರುವು. ಒಡೆಯನನ್ನು ಕಂಡರಾಗದ ಪ್ರಾಣಿಗೆ ಅದರಲ್ಲೂ 102ರ ಏಟು. ಪ್ರೀತಿಸಿದರೂ ಗೆಲ್ಲಬಹುದು, ಹಿಂಸಿಸಿದರೂ ಗೆಲ್ಲಬಹುದು. ಎನ್ ಕೇಳುವ ಪ್ರಶ್ನೆ ಕಥೆಗೆ ಮೇಲಿಂದ ಹಚ್ಚಿದ ಬಣ್ಣವಲ್ಲ ಎನ್ನುವುದಕ್ಕೆ ನನಗೆ ಇದೇ ಪುರಾವೆ.

ಇನ್ನು ಆ ಕಸದ ಚೀಲ. ಟ್ರಬ್ಬಿಶ್ ಎಂದು ಅದರ ಹೆಸರು. ಕಸದ ಚೀಲಕ್ಕೆ ಕಾರ್ಖಾನೆಯ ಹೊಲಸು ಬೆರೆತು ಜೀವ ಹುಟ್ಟಿತು ಎನ್ನುತ್ತದೆ ಆಟದೊಳಗಿನ ಪ್ರಾಣಿಕೋಶ. ಈ ಆಟದ ಯುನೋವಾ ಸೀಮೆಗೆ ಮಾದರಿ ನ್ಯೂಯಾರ್ಕ್. ಮೊದಲ ಬಾರಿಗೆ ಜಪಾನಿನಿಂದ ಅಷ್ಟು ದೂರದ ನೆಲ, ಅದರ ಉದ್ದ ಸೇತುವೆಗಳು, ಗಗನಚುಂಬಿಗಳು. ಮಹಾನಗರದ ಕಸಕ್ಕೆ ಕಣ್ಣು ಮೂಡಿದರೆ ಅದನ್ನು ಕುರೂಪ ಎನ್ನುವುದು ಸುಲಭ. ನಮ್ಮ ತಾಲ್ಲೂಕು ಕೇಂದ್ರಗಳ ಹೊರವಲಯದ ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಜಗಿಯುವ ಹಸುಗಳನ್ನು ದಿನಾ ನೋಡುವ ನನಗೆ ಆ ಪ್ರಾಣಿ ತಮಾಷೆಯಾಗಿ ಕಾಣಲಿಲ್ಲ. ಸಾಸ್‌ಬಕ್ ಎಂಬ ಜಿಂಕೆಯೂ ಇದೇ ಆಟದ್ದು. ತಿಂಗಳಿಗೊಮ್ಮೆ ಆಟದೊಳಗೆ ಋತು ಬದಲಾಗುತ್ತದೆ. ವಸಂತದಲ್ಲಿ ಅದರ ಕೊಂಬಿನ ತುಂಬ ಹೂ, ಬೇಸಿಗೆಯಲ್ಲಿ ದಟ್ಟ ಹಸಿರು, ಮುಂದೆ ಕೆಂಪೆಲೆ, ಚಳಿಗಾಲದಲ್ಲಿ ಬರೀ ಬಿಳಿ ತುಪ್ಪಳ. ಇಷ್ಟು ಸುಂದರವಾದುದನ್ನು ಮಾಡಿದವರ ಕಲ್ಪನೆ ಬತ್ತಿತ್ತು ಎಂದದ್ದು ಅನ್ಯಾಯ. ಕಥೆ ಮುಗಿಯುವವರೆಗೆ ಹಳೆಯ ಪ್ರಾಣಿ ಒಂದೂ ಸಿಗದಂತೆ, 156 ಹೊಸ ಜೀವಗಳನ್ನೇ ನಿರ್ದೇಶಕ ಜುನಿಚಿ ಮಸುದಾ ಅವರ ತಂಡ ಎದುರಿಗಿಟ್ಟದ್ದು, ಹಳಬರೂ ಹೊಸಬರೂ ಒಂದೇ ಗೆರೆಯಿಂದ ಓಡಲಿ ಎಂದು. ಹಳಬರಿಗೆ ಅದು ಮನೆಯಿಂದ ಹೊರಗಟ್ಟಿದಂತಾಯಿತು.

ಹೊಸ ಜೀವಗಳ ಮಾತು ಬಂದಾಗ ಜಗಳೂರನ್ನು ಬಿಡಲಾಗದು. ಮಳೆ ಕಡಿಮೆ, ಕಲ್ಲುಬೆಟ್ಟ, ಕುರುಚಲು ಗಿಡ, ಕುರಿಹಟ್ಟಿಗಳ ತಾಲ್ಲೂಕು. ಅಲ್ಲಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡು 2011ರಲ್ಲಿ, ಈ ಆಟ ಜಪಾನಿನ ಹೊರಗೆ ಹೋದ ವರ್ಷವೇ, ಕೊಂಡುಕುರಿಗಾಗಿ ವನ್ಯಧಾಮವಾಯಿತು. ಕೊಂಡುಕುರಿಗೆ ನಾಲ್ಕು ಕೊಂಬು. ಕಿವಿಗಳ ನಡುವೆ ಎರಡು, ಹಣೆಯ ಮುಂದೆ ಇನ್ನೆರಡು ಗಿಡ್ಡ ಮೊಟಕು. ಅದೂ ಗಂಡಿಗೆ ಮಾತ್ರ. ನಾಲ್ಕು ಕೊಂಬಿನ ಕಾಡು ಸಸ್ತನಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಭಾರತ, ನೇಪಾಳ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಇಪ್ಪತ್ತು ಕಿಲೋ ಆಸುಪಾಸಿನ ಮೈ, ಒಂಟಿ ಸ್ವಭಾವ, ವಿಪರೀತ ಅಂಜಿಕೆ. ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವ ಅಭ್ಯಾಸವಿದ್ದರಿಂದ ಆ ರಾಶಿ ಕಂಡು ಇಲ್ಲಿದೆ ಎಂದು ತಿಳಿಯಬೇಕೇ ಹೊರತು, ಹುಲ್ಲಿನೊಳಗೆ ನಡೆದ ಮಾತ್ರಕ್ಕೆ ಎದುರಾಗುವುದಿಲ್ಲ.

2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆ್ಯಂಡ್ರೂ ಬಾಮ್‌ಫರ್ಡ್ ಮತ್ತು ಸಂಗಡಿಗರ ಬರಹವೊಂದು ಬಂತು. ಬ್ರಿಟನ್ನಿನ 109 ಶಾಲಾಮಕ್ಕಳಿಗೆ ಚಿತ್ರದ ಕಾರ್ಡು ತೋರಿಸಿ ಹೆಸರು ಕೇಳಿದ್ದರು. ಎಂಟು ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ಶೇಕಡಾ 78ರಷ್ಟನ್ನು ಗುರುತಿಸಿದರು, ತಮ್ಮ ನಾಡಿನ ಸಾಮಾನ್ಯ ಗಿಡ, ಪ್ರಾಣಿಗಳಲ್ಲಿ ಶೇಕಡಾ 53ರಷ್ಟನ್ನು ಮಾತ್ರ. ಇದನ್ನು ಮಕ್ಕಳ ತಪ್ಪೆಂದು ಓದುವವರಿದ್ದಾರೆ. ನನಗೆ ಕಾಣುವುದು ಮಕ್ಕಳ ಸಾಮರ್ಥ್ಯ. ಹೆಸರು, ಗುಣ, ವಾಸ, ಯಾವುದಕ್ಕೆ ಯಾವುದು ಸೋಲುತ್ತದೆ ಎಂಬುದನ್ನೆಲ್ಲ ಹಿಡಿದಿಟ್ಟುಕೊಳ್ಳುವ ಹಸಿವು ಅವರಲ್ಲಿದೆ. ಚನ್ನಗಿರಿಯ ಹುಡುಗನಿಗೆ ಕೊಂಡುಕುರಿಯ ಚಿತ್ರ ತೋರಿಸಿದಾಗ ಅವನು ಮೊದಲು ಕೇಳಿದ್ದು, ಮುಂದಿನ ಕೊಂಬು ಯಾತಕ್ಕೆ ಎಂದು. ಎರಡನೆಯದು, ಅದು ಯಾವ ಹೊತ್ತಿನಲ್ಲಿ ಓಡಾಡುತ್ತದೆ ಎಂದು. ಆಟ ಕಲಿಸಿದ ಕ್ರಮದಲ್ಲೇ ಅವನು ಪ್ರಾಣಿಯನ್ನು ವಿಚಾರಿಸುತ್ತಿದ್ದ.

ಈಗ ಆಟದ ಕೊನೆಗೆ. ಕಥೆ ಗೊತ್ತಾದರೆ ಆಟ ಕೆಡುತ್ತದೆ ಎನ್ನುವವರು ಇದೂ ಸೇರಿ ನಾಲ್ಕು ಪ್ಯಾರಾ ಬಿಟ್ಟು ಓದಬಹುದು. ಮಾಮೂಲಿನಂತೆ ಈ ಸರಣಿಯಲ್ಲಿ ಕೊನೆಗೆ ಚಾಂಪಿಯನ್ನನ ಜೊತೆ ಕಾದಾಟ. ಇಲ್ಲಿ ನಾವು ಮುಟ್ಟುವಷ್ಟರಲ್ಲಿ ಎನ್ ಅವನನ್ನು ಸೋಲಿಸಿರುತ್ತಾನೆ. ನೆಲದಡಿಯಿಂದ ಒಂದು ಅರಮನೆ ಮೇಲೆದ್ದು ಸುತ್ತುವರಿಯುತ್ತದೆ. ಅದರೊಳಗೆ ಹೋಗುವ ದಾರಿಯಲ್ಲಿ ಒಂದು ಕೋಣೆ ಇದೆ. ಅಲ್ಲಿಗೆ ಹೋಗಲೇಬೇಕೆಂದಿಲ್ಲ, ಅವಸರದಲ್ಲಿರುವವರು ದಾಟಿಹೋಗುತ್ತಾರೆ. ಒಳಗೆ ಆಟದ ರೈಲು, ಅದರ ಹಳಿ, ಬ್ಯಾಸ್ಕೆಟ್‌ಬಾಲ್, ಎಲ್ಲೆಂದರಲ್ಲಿ ಬಿದ್ದ ಆಟಿಕೆಗಳು. ಕೀಲಿ ಕೊಟ್ಟ ಡಬ್ಬಿಯಿಂದ ಬಂದಂಥ ಸಂಗೀತ, ಕೇಳುತ್ತ ಕೇಳುತ್ತ ಸಂಕಟ ಹುಟ್ಟಿಸುವಂಥದು. ಅದು ಎನ್ ಬೆಳೆದ ಕೋಣೆ. ಗೆಟ್ಸಿಸ್ ಅವನನ್ನು ಜನರಿಂದ ದೂರ ಇಟ್ಟು, ಮನುಷ್ಯರಿಂದ ಪೆಟ್ಟು ತಿಂದ ಪೋಕೆಮಾನ್‌ಗಳನ್ನೇ ತಂದು ತಂದು ಅವನ ಮುಂದೆ ಬಿಟ್ಟಿದ್ದ. ಎಲ್ಲರೂ ತಮ್ಮ ಪ್ರಾಣಿಗಳನ್ನು ಬಿಟ್ಟುಕೊಟ್ಟರೆ ಬಲವೆಲ್ಲ ತನ್ನೊಬ್ಬನ ಕೈಯಲ್ಲಿ ಉಳಿಯುತ್ತದೆ ಎಂಬುದು ಗೆಟ್ಸಿಸ್‌ನ ಲೆಕ್ಕಾಚಾರ. ಮಗುವಿನ ಕರುಣೆಯನ್ನೇ ಬೆಳೆಸಿ ಹತಾರ ಮಾಡಿಕೊಂಡಿದ್ದ.

ಇಲ್ಲಿ ಆಟ ಎಡವುತ್ತದೆ. ಪ್ರಶ್ನೆ ಕಲಿಸಿದವನು ಮೋಸಗಾರ ಎಂದು ಬಯಲಾದ ಕೂಡಲೇ ಪ್ರಶ್ನೆಯೂ ಬಿದ್ದುಹೋಯಿತು ಎಂಬಂತೆ ಕಥೆ ನಿಟ್ಟುಸಿರು ಬಿಡುತ್ತದೆ. ಹಾಗಾಗಕೂಡದು. ನಮ್ಮಲ್ಲೂ ಇದೇ ನಡೆಯುವುದು. ಟಗರು ಕಾಳಗಕ್ಕೆ, ಹೋರಿ ಹಬ್ಬಕ್ಕೆ ಯಾರಾದರೂ ಆಕ್ಷೇಪ ಎತ್ತಿದರೆ, ಅವರು ಒಂದು ಕರುವನ್ನಾದರೂ ಸಾಕಿದ್ದಾರಾ ಎಂದು ಕೇಳಿ ಬಾಯಿ ಮುಚ್ಚಿಸುತ್ತೇವೆ. ಅವರು ಸಾಕಿರಲಿಕ್ಕಿಲ್ಲ. ಅವರ ಉದ್ದೇಶ ಬೇರೆಯೇ ಇರಬಹುದು. ಅಷ್ಟರಿಂದ ಟಗರಿನ ಹಣೆಯ ಗಾಯ ಮಾಯುವುದಿಲ್ಲ. ಕಾನೂನಿನ ದಾರಿಯೂ ಸಾಕಷ್ಟು ಅಂಕುಡೊಂಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು ಅಪರಾಧ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಹೋರಿ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಕ್ಕೆ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಟಗರಿಗೆ ಆ ವಿನಾಯಿತಿ ಸಿಕ್ಕಿಲ್ಲ. ಆದರೂ ಜಾತ್ರೆ ಬಂದಾಗ ಅಖಾಡ ಎದ್ದೇ ಏಳುತ್ತದೆ.

ಎಡವಿದ ಮೇಲೂ ಆಟ ಒಂದು ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಎಲ್ಲ ಮುಗಿದು ಹೊರಡುವ ಮುನ್ನ ಎನ್ ಮೊದಲ ಭೇಟಿಯ ಗುಟ್ಟು ಹೇಳುತ್ತಾನೆ. ಆ ದಿನ ನಿನ್ನ ಪೋಕೆಮಾನ್ ಹೇಳಿದ್ದು, ನೀನೆಂದರೆ ತನಗೆ ಇಷ್ಟ, ನಿನ್ನ ಜೊತೆಗೇ ಇರಬೇಕು ಅಂತ. ಮನುಷ್ಯನನ್ನು ಮೆಚ್ಚುವ ಪೋಕೆಮಾನ್ ಇರಬಹುದೆಂದೇ ನನಗೆ ಗೊತ್ತಿರಲಿಲ್ಲ ಎನ್ನುತ್ತಾನೆ. ಇದನ್ನು ಕನ್ನಡದಲ್ಲಿ ಹೇಳಿದಾಗ ಹುಡುಗ ತುಸು ಹೊತ್ತು ಸುಮ್ಮನಿದ್ದು, “ಅದು ನಂದು ಮಾತ್ರ ಅಲ್ವಾ ಮಾಮ? ಬಾಕ್ಸಿನಾಗೆ ಹಿಡಿದು ಹಾಕಿರೋವು?” ಎಂದ. ಹಿಡಿದು, ಒಮ್ಮೆಯೂ ಜೊತೆಗೆ ಕರೆದುಕೊಳ್ಳದೆ, ಕಂಪ್ಯೂಟರಿನ ಡಬ್ಬಿಗಳಲ್ಲಿ ಪೇರಿಸಿಟ್ಟವು ಅವನ ಬಳಿ ನೂರರ ಹತ್ತಿರ ಇದ್ದವು. ಆಟ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಹದಿನಾಲ್ಕರ ಹುಡುಗ ಕೇಳುವಂತೆ ಮಾಡಿತಲ್ಲ, ಅಷ್ಟು ಸಾಕು.

ಮುಂದುವರಿದ ಭಾಗ ‘ಬ್ಲ್ಯಾಕ್ 2’, ‘ವೈಟ್ 2’ 2012ರ ಜೂನ್‌ನಲ್ಲಿ ಜಪಾನಿನಲ್ಲಿ ಬಂದವು. ಪ್ಲಾಸ್ಮಾ ಪಡೆ ಅಷ್ಟರಲ್ಲಿ ಒಡೆದಿರುತ್ತದೆ. ಒಂದು ಗುಂಪು ಹಳೆಯ ದಂಧೆಗೆ ಮರಳಿದೆ. ಎನ್‌ನನ್ನು ನಂಬಿದ್ದ ಇನ್ನೊಂದು ಗುಂಪು ಒಂದು ಊರಿನ ಗುಡ್ಡದ ಮನೆಯಲ್ಲಿ ಉಳಿದು, ಜನರಿಂದ ಕಿತ್ತುಕೊಂಡಿದ್ದ ಪ್ರಾಣಿಗಳನ್ನು ಆರೈಕೆ ಮಾಡುತ್ತ ಅವುಗಳ ಒಡೆಯರನ್ನು ಹುಡುಕುತ್ತಿದೆ. ಸಾಕಿದ ಟಗರನ್ನು ಕಾಡಿಗೆ ಅಟ್ಟಿದರೆ ಅದು ಬದುಕದು ಎಂಬುದು ನಮ್ಮ ಕುರಿಗಾಹಿಗಳಿಗೆ ಹೊಸ ಮಾತಲ್ಲ. ಆ ಮಟ್ಟದ ತಿಳಿವಳಿಕೆಗೆ ಆಟ ಎರಡನೆಯ ಪ್ರಯತ್ನದಲ್ಲಿ ಬಂದು ಮುಟ್ಟಿತು. ಅದಕ್ಕಾಗಿಯೇ ನಾಲ್ಕನ್ನೂ ಒಂದೇ ಕಥೆಯಾಗಿ ಆಡಬೇಕು ಎನ್ನುತ್ತೇನೆ.

ಈಗ ಆಡಬಯಸುವವರಿಗೆ ಒಂದೆರಡು ಮಾತು. ನಿಂಟೆಂಡೊ ಸಂಸ್ಥೆ ಡಿಎಸ್ ಯಂತ್ರದ ಆನ್‌ಲೈನ್ ಸೇವೆಯನ್ನು 2014ರ ಮೇ 20ರಂದು ಮುಚ್ಚಿತು. ದೂರದೂರಿನ ಅಪರಿಚಿತರ ಜೊತೆ ಅದಲುಬದಲು ಅಂದಿಗೇ ಮುಗಿಯಿತು. ಆದರೆ ಈ ಕಾರ್ಟ್ರಿಜ್‌ಗಳ ಒಳಗೇ ಒಂದು ಇನ್‌ಫ್ರಾರೆಡ್ ದೀಪವಿದೆ, ಟಿವಿ ರಿಮೋಟಿನಲ್ಲಿ ಇರುವಂಥದೇ. ಎರಡು ಯಂತ್ರಗಳನ್ನು ಎದುರುಬದುರು ಹತ್ತಿರ ಹಿಡಿದರೆ ಇಂಟರ್‌ನೆಟ್ ಇಲ್ಲದೆಯೂ ವಿನಿಮಯ ನಡೆಯುತ್ತದೆ. ಒಟ್ಟಿಗೆ ಕೂರುವ ಇನ್ನೊಬ್ಬ ಬೇಕು, ಅಷ್ಟೇ. ಅಕ್ಕನ ಮಗನಿಗೆ ಸೊಲೊಸಿಸ್ ಬೇಕಾಗಿದೆ, ಅದು ‘ವೈಟ್’ ಆಟದಲ್ಲಷ್ಟೇ ಕಾಡಿನಲ್ಲಿ ಸಿಗುತ್ತದೆ. ಹೊನ್ನಾಳಿಯಲ್ಲಿ ಅವನ ಓರಗೆಯ ಹುಡುಗನೊಬ್ಬನ ಹತ್ತಿರ ‘ವೈಟ್’ ಇದೆಯಂತೆ, ಅವನಿಗೆ ಗೊಥಿಟಾ ಬೇಕಂತೆ. ದೀಪಾವಳಿ ರಜೆಗೆ ಇವನು ಬಸ್ಸು ಹತ್ತುವುದೆಂದು ಮಾತಾಗಿದೆ. ಕೊಡಬೇಕಾದ ಗೊಥಿಟಾವನ್ನು ಈಗಲೇ ಡಬ್ಬಿಯಿಂದ ಹೊರಗೆ ತೆಗೆದು ಜೊತೆಗೆ ನಡೆಸುತ್ತಿದ್ದಾನೆ.